64 ಓಕೆ ಸರ್

ಪಾಠ ವಿದ್ಯಾರ್ಥಿಗಳ ಕೈಗೇ ತಲುಪಬೇಕು ಅಂತ ನಮ್ಮ ಡಿಗ್ರಿ ಕಾಲೇಜಿನ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಕೈಯಲ್ಲಿ ಏನಿದೆ? ಮೊಬೈಲ್. ಸರಿ, ಸೆಮಿಸ್ಟರಿಗೊಂದು ವಾಟ್ಸಾಪ್ ಗ್ರೂಪ್. ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ, ಸಂಬಳ ಯಾವಾಗ ಬರುತ್ತದೋ ದೇವರೇ ಬಲ್ಲ, ಅಡ್ಮಿನ್ ಪಟ್ಟ ಮಾತ್ರ ಅವತ್ತೇ ಸಿಕ್ಕಿತು.

ಮೊದಲ ದಿನ ಬೇಡಿಕೆಯ ನಿಯಮದ ಬಗ್ಗೆ, ಅಂದರೆ ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅನ್ನೋದರ ಬಗ್ಗೆ, ನಾಲ್ಕು ಸಾಲು ಹಾಕಿದೆ. 64 ಮಂದಿ 'ಓಕೆ ಸರ್' ಅಂದರು. ಒಬ್ಬೊಬ್ಬರಾಗಿ, ರಾತ್ರಿ ಹನ್ನೊಂದೂವರೆವರೆಗೂ. ಅಷ್ಟು ಓಕೆಗಳ ಅಡಿ ನಿಯಮ ಎಲ್ಲಿ ಹೂತುಹೋಯಿತೋ, ಬೆಳಿಗ್ಗೆ ಹುಡುಕಿದರೆ ನನಗೇ ಸಿಗಲಿಲ್ಲ. ಪೂರೈಕೆ ಜಾಸ್ತಿಯಾದರೆ ಬೆಲೆ ಬೀಳುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

1992ರಲ್ಲಿ ಹೋದ ಮೊದಲ ಎಸ್ಸೆಮ್ಮೆಸ್‌ನಲ್ಲಿ ಇದ್ದದ್ದೇ ಎರಡು ಪದ, 'ಮೆರಿ ಕ್ರಿಸ್ಮಸ್'. ಒಂದು ಎಸ್ಸೆಮ್ಮೆಸ್‌ಗೆ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70, ಅದರಲ್ಲೂ ಒತ್ತು ಗುಣಿತಗಳಿಗೆ ಬೇರೆ ಲೆಕ್ಕ. ಈ ಯೋಜನೆ ಆ ಕಾಲದಲ್ಲೇ ಬಂದಿದ್ದರೆ ಮೇಷ್ಟ್ರುಗಳು ಅಳೆದು ತೂಗಿ ಮಾತಾಡುತ್ತಿದ್ದರು. ಈಗ? 84 ಪುಟದ ಪಿಡಿಎಫ್. ಯಾರದೋ ಹಳೇ ನೋಟ್ಸಿನ ಫೋಟೋ, ಅಡ್ಡಡ್ಡ, ಪ್ರತಿ ಪುಟದ ಮೂಲೆಯಲ್ಲೂ ಒಂದು ಹೆಬ್ಬೆರಳು. (ನನ್ನದೇ.)

ಆಮೇಲೆ ಯಾರೋ ಒಬ್ಬ ಹುಡುಗ 'ಸರ್ ಇಂಟರ್ನಲ್ಸ್ ಮಾರ್ಕ್ಸ್ ಯಾಕೆ ಕಮ್ಮಿ' ಅಂತ ಗ್ರೂಪಿನಲ್ಲೇ ಕೇಳಿಬಿಟ್ಟ. ಐದೇ ನಿಮಿಷ, ಗ್ರೂಪಿಗೆ ಬೀಗ. ಅಡ್ಮಿನ್ ಬಿಟ್ಟು ಯಾರೂ ಉಸಿರೆತ್ತುವಂತಿಲ್ಲ. ಡೌಟು ಇದ್ದವರು ಕ್ಲಾಸಿನಲ್ಲಿ ಕೇಳಬೇಕು ಅಂತ ಮೆಸೇಜು ಹಾಕಿದೆವು. ಕ್ಲಾಸಿನಲ್ಲಿ ಕೇಳಿದವರಿಗೆ ಏನು ಹೇಳಿದೆವು? ಗ್ರೂಪಿನಲ್ಲಿ ಹಾಕಿದ್ದೇನಲ್ಲ, ನೋಡ್ಕೊಳ್ಳಿ.

ಹೀಗೇ ನೆಮ್ಮದಿಯಾಗಿದ್ದಾಗ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸುದ್ದಿ ಬಂತು. ಅವರು ನೋಡುತ್ತಿದ್ದ ಏಳು ಕ್ರೈಟೀರಿಯಾಗಳಲ್ಲಿ, ಅಂದರೆ ಮಾನದಂಡಗಳಲ್ಲಿ, ಎರಡನೆಯದು ಬೋಧನೆ ಮತ್ತು ಕಲಿಕೆಯದ್ದು. ಪ್ರಿನ್ಸಿಪಾಲರು ಕರೆಸಿದರು.

"ಏನ್ ಮೇಷ್ಟ್ರೇ, ಗ್ರೂಪಲ್ಲಿ ಬರೀ ನೀವೇ ಮಾತಾಡಿದ್ದೀರಿ? ಸಂವಾದ ಎಲ್ಲಿ? ಸ್ಕ್ರೀನ್‌ಶಾಟ್ ಬೇಕಲ್ರೀ."

ಸರಿ, ನಾಲ್ಕು ಗಂಟೆಯಿಂದ ನಾಲ್ಕು ಹತ್ತರವರೆಗೆ ಬೀಗ ತೆಗೆದೆ. ಎಲ್ಲರೂ ಒಂದೊಂದು ಡೌಟು ಕೇಳಿ, ಕೇಳದಿದ್ದರೆ ಅಟೆಂಡೆನ್ಸ್ ನೋಡ್ಕೊತೀನಿ ಅಂತ ಪ್ರೀತಿಯಿಂದ ಹೇಳಿದೆ. ಏಳು ನಿಮಿಷ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಎಂಟನೇ ನಿಮಿಷಕ್ಕೆ ಒಂದು ಮೆಸೇಜು ಬಂತು, ಪಾಪ, ಗ್ರೂಪ್ ತಪ್ಪಿ ಬಂದಿದ್ದು:

'ಲೋ, ಸರ್ ಹಾಕಿದ್ದು ಒಂದಕ್ಷರ ತಲೆಗೆ ಹೋಗ್ಲಿಲ್ಲ. ನಮ್ ಗ್ರೂಪಲ್ಲಿ ಫಸ್ಟ್ ಬೆಂಚ್‌ನವ್ಳು ಟೊಮೆಟೊ ರೇಟ್ ಇಟ್ಕೊಂಡು ಹೇಳಿದ್ಲಲ್ಲ, ಆ ವಾಯ್ಸ್ ನೋಟ್ ಕಳ್ಸೋ.'

ಅವನು ಡಿಲೀಟ್ ಮಾಡುವಷ್ಟರಲ್ಲಿ ನಾನು ಸ್ಕ್ರೀನ್‌ಶಾಟ್ ತೆಗೆದಾಗಿತ್ತು. ಈಗ ಅದು ಕ್ರೈಟೀರಿಯಾ 2ರ ಫೈಲಿನಲ್ಲಿದೆ, ಕಲರ್ ಪ್ರಿಂಟ್, ಕೆಳಗೆ ಪ್ರಿನ್ಸಿಪಾಲರ ಸೀಲು.