ಒಂದೇ ಹೊತ್ತಿಗೆ ಹಲವು ಪಂದ್ಯ: ಜಿಗಿಯುವ ಪ್ರಸಾರ ಬೇಕೆ?

1982ರ ಜೂನ್ 25ರಂದು ಸ್ಪೇನಿನ ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ತಂಡಗಳು ಫುಟ್‌ಬಾಲ್ ವಿಶ್ವಕಪ್‌ನ ಗುಂಪು ಹಂತದ ಕೊನೆಯ ಪಂದ್ಯಕ್ಕೆ ಇಳಿದಾಗ, ಅದೇ ಗುಂಪಿನ ಅಲ್ಜೀರಿಯಾ ಹಿಂದಿನ ದಿನವೇ ಚಿಲಿಯನ್ನು 3-2ರಿಂದ ಸೋಲಿಸಿ ತನ್ನ ಆಟ ಮುಗಿಸಿಕೊಂಡಿತ್ತು. ಜರ್ಮನಿ ಒಂದೋ ಎರಡೋ ಗೋಲುಗಳ ಅಂತರದಿಂದ ಗೆದ್ದರೆ ಆಡುತ್ತಿರುವ ಎರಡೂ ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ, ಅಲ್ಜೀರಿಯಾ ಊರಿಗೆ ಹೊರಡುತ್ತದೆ ಎಂಬ ಲೆಕ್ಕ ಮೈದಾನದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೊರ್ಸ್ಟ್ ಹ್ರುಬೆಶ್ ಆರಂಭದಲ್ಲೇ ಗೋಲು ಹೊಡೆದರು. ಆಮೇಲೆ ಚೆಂಡು ಅತ್ತಿಂದಿತ್ತ ಸುಮ್ಮನೆ ಉರುಳುತ್ತ ಹೊತ್ತು ಕಳೆಯಿತು. ಆಸ್ಟ್ರಿಯಾದ ವೀಕ್ಷಕ ವಿವರಣೆಗಾರರೇ ಬೇಸತ್ತು, ಟೀವಿ ಆರಿಸಿಬಿಡಿ ಎಂದು ನೋಡುಗರನ್ನು ಕೇಳಿಕೊಂಡರು. 1986ರ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗತೊಡಗಿದವು.

ಆಟಕ್ಕೆ ನ್ಯಾಯ ಸಿಕ್ಕಿತು, ಟೀವಿಗೆ ತಲೆನೋವು ಅಂಟಿಕೊಂಡಿತು. ಎರಡು, ಒಂಬತ್ತು, ಕೆಲವೊಮ್ಮೆ ಹದಿನೆಂಟು ಪಂದ್ಯಗಳು ಏಕಕಾಲಕ್ಕೆ ನಡೆಯುವಾಗ ಒಂದು ಮೈದಾನದಿಂದ ಇನ್ನೊಂದಕ್ಕೆ ಜಿಗಿಯುತ್ತ ಎಲ್ಲವನ್ನೂ ಹೆಣೆದು ತೋರಿಸುವ ಪ್ರಸಾರ ಸರಿಯೇ, ಅಥವಾ ಪ್ರತಿ ಪಂದ್ಯವನ್ನೂ ಅದರ ಪಾಡಿಗೆ ಪೂರ್ತಿಯಾಗಿ ತೋರಿಸುವುದು ಸರಿಯೇ?

ಪರ: ಆ ದಿನ ಆಡುವುದು ಅಂಕಪಟ್ಟಿ

2022ರ ಕತಾರ್ ವಿಶ್ವಕಪ್‌ನಲ್ಲಿ ‘ಇ’ ಗುಂಪಿನ ಕೊನೆಯ ಪಂದ್ಯಗಳು ನಮ್ಮ ಗಡಿಯಾರದ ಪ್ರಕಾರ ರಾತ್ರಿ ಹನ್ನೆರಡೂವರೆಗೆ ಶುರುವಾದವು. ಖಲೀಫಾ ಕ್ರೀಡಾಂಗಣದಲ್ಲಿ ಜಪಾನ್ ಮತ್ತು ಸ್ಪೇನ್, ಅಲ್ ಬೈತ್‌ನಲ್ಲಿ ಕೋಸ್ಟರಿಕಾ ಮತ್ತು ಜರ್ಮನಿ. ಮನೆಯವರೆಲ್ಲ ಮಲಗಿದ್ದರು. ಟೀವಿಯ ಧ್ವನಿಯನ್ನು ಪೂರ್ತಿ ಇಳಿಸಿ ಅದರಲ್ಲಿ ಜಪಾನಿನ ಪಂದ್ಯವನ್ನೂ, ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಜರ್ಮನಿಯ ಪಂದ್ಯವನ್ನೂ ಹಾಕಿಕೊಂಡು ಕೂತಿದ್ದೆ. 70ನೆಯ ನಿಮಿಷದಲ್ಲಿ ಕೋಸ್ಟರಿಕಾ 2-1ರಿಂದ ಮುಂದಾಯಿತು. ಆಗಲೇ ಜಪಾನ್ ಕೂಡ 2-1ರಿಂದ ಮುಂದಿತ್ತು. ಅಂದರೆ ಆ ಗಳಿಗೆಯಲ್ಲಿ ವಿಶ್ವಕಪ್ ಗೆದ್ದ ಎರಡು ದೇಶಗಳು, ಸ್ಪೇನ್ ಮತ್ತು ಜರ್ಮನಿ, ಒಟ್ಟಿಗೇ ಹೊರಬಿದ್ದಿದ್ದವು. ಮೂರು ನಿಮಿಷಗಳ ನಂತರ ಜರ್ಮನಿಯ ಕಾಯ್ ಹಾವರ್ಟ್ಸ್ ಸಮ ಮಾಡಿ ಸ್ಪೇನನ್ನು ಉಳಿಸಿದರು.

ಇದನ್ನೆಲ್ಲ ನಾನು ಕಂಡದ್ದು ಮಾತ್ರ ಅಡ್ಡಾದಿಡ್ಡಿಯಾಗಿ. ಮೊಬೈಲ್‌ನ ಚಿತ್ರ ಟೀವಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದಿತ್ತು. ಟೀವಿಯ ಮೂಲೆಯ ಪಟ್ಟಿಯಲ್ಲಿ ಕೋಸ್ಟರಿಕಾದ ಅಂಕೆ ಬದಲಾದಾಗ ಮೊಬೈಲ್‌ನಲ್ಲಿ ಚೆಂಡು ಇನ್ನೂ ಮೈದಾನದ ನಡುವೆಯೇ ಇತ್ತು. ಬರಲಿರುವ ಗೋಲನ್ನು ತಿಳಿದುಕೊಂಡೇ ಕಾಯುವುದು, ಮುಯ್ಯಿಯ ಕವರಿನಲ್ಲಿ ಎಷ್ಟಿದೆ ಎಂದು ಮೊದಲೇ ಕೇಳಿಸಿಕೊಂಡು ಆಮೇಲೆ ಬಿಚ್ಚಿದಂತೆ. ಎರಡು ಪಂದ್ಯಗಳನ್ನು ಒಂದೇ ಗಡಿಯಾರಕ್ಕೆ ಕಟ್ಟಿ ತೋರಿಸಲು ಒಂದೇ ನಿಯಂತ್ರಣ ಕೊಠಡಿಯಿಂದ ಮಾತ್ರ ಸಾಧ್ಯ. ಮನೆಯಲ್ಲಿ ಎಷ್ಟು ಪರದೆಗಳನ್ನು ಜೋಡಿಸಿಕೊಂಡರೂ ಅದು ಆಗುವ ಮಾತಲ್ಲ.

ಇನ್ನು ಆ ಮೂರು ನಿಮಿಷಗಳಲ್ಲಿ ಖಲೀಫಾ ಕ್ರೀಡಾಂಗಣವನ್ನಷ್ಟೇ ನೋಡುತ್ತಿದ್ದವರಿಗೆ ಸಿಕ್ಕಿದ್ದೇನು? ಸ್ಪೇನಿನ ಆಟಗಾರರು ಚೆಂಡನ್ನು ಎಡಕ್ಕೂ ಬಲಕ್ಕೂ ದಾಟಿಸುತ್ತಿದ್ದ ದೃಶ್ಯ. ಆ ದೃಶ್ಯಕ್ಕೆ ಅರ್ಥ ಬಂದದ್ದು ಬೇರೆ ಮೈದಾನದಿಂದ. ಗುಂಪಿನ ಕೊನೆಯ ದಿನ ಎರಡು ಪಂದ್ಯಗಳು ಇರುವುದಿಲ್ಲ. ಎರಡು ಮೈದಾನಗಳಲ್ಲಿ ಹರಡಿಕೊಂಡ ಒಂದೇ ಪಂದ್ಯ ಇರುತ್ತದೆ, ಮತ್ತು ಅದರ ಅರ್ಧವನ್ನು ಮಾತ್ರ ತೋರಿಸಿ ಇದೇ ಪೂರ್ತಿ ಎನ್ನುವುದು ನೋಡುಗರಿಗೆ ಮಾಡುವ ಮೋಸವೇ ಸರಿ.

ಆಟಗಾರರಿಗೂ ಇದು ಗೊತ್ತು. ಮರುದಿನ ಪೋರ್ಚುಗಲ್ ವಿರುದ್ಧ ಹ್ವಾಂಗ್ ಹೀ-ಚಾನ್ ಇಂಜುರಿ ಟೈಮ್‌ನಲ್ಲಿ ಗೋಲು ಹೊಡೆದು ದಕ್ಷಿಣ ಕೊರಿಯಾ 2-1ರಿಂದ ಗೆದ್ದ ಮೇಲೆ ಯಾರೂ ಮೈದಾನ ಬಿಟ್ಟು ಕದಲಲಿಲ್ಲ. ಅಲ್ ಜನೂಬ್‌ನಲ್ಲಿ ಘಾನಾ ವಿರುದ್ಧ 2-0ಯಿಂದ ಮುಂದಿದ್ದ ಉರುಗ್ವೆ ಇನ್ನೊಂದು ಗೋಲು ಹೊಡೆದಿದ್ದರೆ ಕೊರಿಯಾದ ಕಥೆ ಮುಗಿಯುತ್ತಿತ್ತು. ಬೆವರಿನಲ್ಲಿ ತೊಯ್ದ ಆಟಗಾರರು ಮೈದಾನದ ನಡುವೆ ವೃತ್ತವಾಗಿ ನಿಂತು, ಒಂದು ಮೊಬೈಲ್‌ನ ಮೇಲೆ ತಲೆ ಬಗ್ಗಿಸಿ ಆ ಪಂದ್ಯವನ್ನು ನೋಡಿದರು. ಆಡಿದವರಿಗೇ ಇನ್ನೊಂದು ಮೈದಾನ ಬೇಕಾದಾಗ, ಮನೆಯಲ್ಲಿ ಕೂತವರಿಗೆ ಬೇಡವೆನ್ನುವುದು ಹೇಗೆ?

ಜರ್ಮನಿಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾದ ಶನಿವಾರ ಮಧ್ಯಾಹ್ನ ಮೂರೂವರೆಯ ಪಂದ್ಯಗಳನ್ನು ರೇಡಿಯೋ ‘ಕಾನ್ಫರೆನ್ಸ್’ ರೂಪದಲ್ಲಿ ಕೊಡುತ್ತಿತ್ತು: ಒಬ್ಬರು ಮಾತಾಡುತ್ತಿರುವಾಗಲೇ ಬೇರೊಂದು ಊರಿನಿಂದ ಇನ್ನೊಬ್ಬರು ‘ಇಲ್ಲಿ ಗೋಲು!’ ಎಂದು ನಡುವೆ ನುಗ್ಗುವ ಪದ್ಧತಿ. 2000ದಲ್ಲಿ ಅದೇ ಪದ್ಧತಿ ಟೀವಿಗೂ ಬಂತು. ಇಂದು ಅದರ ಬೆಲೆ ಎಷ್ಟೆಂದರೆ, 2025-26ರ ಋತುವಿನಿಂದ ಶನಿವಾರದ ಬಿಡಿ ಪಂದ್ಯಗಳ ಹಕ್ಕು ಸ್ಕೈ ಎಂಬ ಪ್ರಸಾರ ಸಂಸ್ಥೆಯ ಬಳಿಯೂ ಕಾನ್ಫರೆನ್ಸ್‌ನ ಹಕ್ಕು ಡಾಜೋನ್ ಎಂಬ ಇನ್ನೊಂದು ಸಂಸ್ಥೆಯ ಬಳಿಯೂ ಬೇರೆ ಬೇರೆಯಾಗಿ ಇವೆ.

ಯುರೋಪಿನ ಕ್ಲಬ್‌ಗಳ ಈಗಿನ ಚಾಂಪಿಯನ್ಸ್ ಲೀಗ್‌ನಲ್ಲಂತೂ ಬೇರೆ ದಾರಿಯೇ ಇಲ್ಲ. 36 ತಂಡಗಳು ಒಂದೇ ಪಟ್ಟಿಯಲ್ಲಿರುವ ಹೊಸ ಮಾದರಿಯ ಮೊದಲ ಋತುವಿನಲ್ಲಿ, 2025ರ ಜನವರಿ 29ರಂದು, ಹದಿನೆಂಟು ಪಂದ್ಯಗಳು ಒಟ್ಟಿಗೆ ನಡೆದವು. ಮರುವರ್ಷದ ಅಂಥದೇ ರಾತ್ರಿ ಲಿಸ್ಬನ್‌ನಲ್ಲಿ ಬೆನ್ಫಿಕಾ ತಂಡ ರಿಯಲ್ ಮಡ್ರಿಡ್ ವಿರುದ್ಧ 3-2ರಿಂದ ಗೆಲ್ಲುತ್ತಿದ್ದರೂ ಗೋಲುಗಳ ಲೆಕ್ಕದಲ್ಲಿ ಹೊರಗಿತ್ತು. ಇನ್ನೊಂದು ಗೋಲು ಬೇಕೆಂಬುದು ಗೋಲ್‌ಕೀಪರ್ ಅನಾಟೋಲಿ ತ್ರೂಬಿನ್ ಅವರಿಗೂ ಕೊನೆಯ ಗಳಿಗೆಯವರೆಗೆ ಸರಿಯಾಗಿ ತಿಳಿದಿರಲಿಲ್ಲ. ತಿಳಿದ ಮೇಲೆ ಅವರೇ ಎದುರಾಳಿಯ ಗೋಲುಪೆಟ್ಟಿಗೆಯ ಮುಂದೆ ಹೋಗಿ 98ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದರು. ಎಲ್ಲ ಮೈದಾನಗಳ ಲೆಕ್ಕ ಹಿಡಿದು ಕೂತ ಪ್ರಸಾರವಾದರೆ ಗೆಲ್ಲುತ್ತಿರುವ ತಂಡಕ್ಕೆ ಏಕೆ ಇಷ್ಟು ತಳಮಳ ಎಂಬುದನ್ನು ಆ ಕ್ಷಣಕ್ಕೆ ಮೊದಲೇ ಬಿಡಿಸಿ ಹೇಳಬಲ್ಲದು.

ಕರಾವಳಿಯವರಿಗೆ ಇದು ಹೊಸತೂ ಅಲ್ಲ. ಯಕ್ಷಗಾನದ ಜೋಡಾಟದಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುತ್ತವೆ, ಪ್ರೇಕ್ಷಕರ ಕಣ್ಣು ಅತ್ತಲೂ ಇತ್ತಲೂ ಓಡುತ್ತಿರುತ್ತದೆ. ಆ ಓಟವೇ ಜೋಡಾಟದ ರುಚಿ. ಹದಿನೆಂಟು ರಂಗಸ್ಥಳಗಳಾದಾಗ ಆ ಕೆಲಸಕ್ಕೆ ಕ್ಯಾಮೆರಾ ಬೇಕು, ಅಷ್ಟೇ.

ವಿರೋಧ: ಗೋಲುಗಳ ಗುಡ್ಡೆ ಆಟವಲ್ಲ

ಜೋಡಾಟದ ಮಾತು ಬಂದದ್ದು ಒಳ್ಳೆಯದಾಯಿತು. ಜೋಡಾಟ ನೋಡಿ ಪಳಗಿದವರು ಒಂದು ರಂಗಸ್ಥಳವನ್ನು ಆರಿಸಿ ಅದರ ಮುಂದೆಯೇ ಕೂರುತ್ತಾರೆ. ಪಕ್ಕದಲ್ಲಿ ಚೆಂಡೆ ಜೋರಾದಾಗ ಕತ್ತು ತಿರುಗಿಸಿ ನೋಡಿ ಮತ್ತೆ ತಮ್ಮ ವೇಷದತ್ತ ಮರಳುತ್ತಾರೆ. ರಾತ್ರಿಯಿಡೀ ಎರಡೂ ಕಡೆ ಓಡಾಡಿದವರಿಗೆ ಬೆಳಿಗ್ಗೆ ನೆನಪಿರುವುದು ಸದ್ದೊಂದೇ. ಮುಖ್ಯವಾಗಿ, ಅಲ್ಲಿ ಕತ್ತು ನಮ್ಮದು. ಜಿಗಿಯುವ ಪ್ರಸಾರದಲ್ಲಿ ನಮ್ಮ ಕತ್ತನ್ನು ತಿರುಗಿಸುವವರು ನಿಯಂತ್ರಣ ಕೊಠಡಿಯ ನಿರ್ದೇಶಕರು.

ಅವರು ಎತ್ತ ತಿರುಗಿಸುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. 2025ರ ಜನವರಿಯ ಆ ರಾತ್ರಿ ಮ್ಯಾಂಚೆಸ್ಟರ್ ಸಿಟಿ ಅರ್ಧ ಹೊತ್ತಿಗೆ ಕ್ಲಬ್ ಬ್ರೂಗೆ ವಿರುದ್ಧ ಹಿಂದೆ ಬಿದ್ದು, ಟೂರ್ನಿಯಿಂದಲೇ ಹೊರಬೀಳುವ ಸ್ಥಿತಿಯಲ್ಲಿತ್ತು. ಕೊನೆಗೆ 3-1ರಿಂದ ಗೆದ್ದಿತು. ಅಂಥ ಪಂದ್ಯವಿರುವಾಗ ಆಗಲೇ ಹೊರಬಿದ್ದಿದ್ದ ಯಂಗ್ ಬಾಯ್ಸ್ ಮತ್ತು ಕ್ರ್ವೆನಾ ಜ್ವೆಜ್ದಾ ತಂಡಗಳ ಕಡೆ ಕ್ಯಾಮೆರಾ ಹೋಗುವುದು ಗೋಲು ಬಿದ್ದಾಗ ಮಾತ್ರ. ಅಂಕಪಟ್ಟಿಯೇ ಪಂದ್ಯ ಎನ್ನುವವರಿಗೆ ಇದರಲ್ಲಿ ತಪ್ಪು ಕಾಣದಿರಬಹುದು. ಆದರೆ ಬರ್ನ್ ನಗರದಲ್ಲಿ ಚಳಿಗೆ ನಡುಗುತ್ತ ಕೂತವರಿಗೆ ಅದು ಪಟ್ಟಿಯ ಒಂದು ಸಾಲಲ್ಲ, ಅವರ ಊರಿನ ಆಟ.

ನನ್ನ ದೊಡ್ಡ ತಕರಾರು ಬೇರೆ. ಗೋಲು ಎಲ್ಲಿಂದಲೋ ಉದುರುವುದಿಲ್ಲ. ಜಪಾನ್ ಮತ್ತು ಸ್ಪೇನ್ ಪಂದ್ಯವನ್ನೇ ತೆಗೆದುಕೊಳ್ಳಿ. ಮೊದಲ ಅರ್ಧದಲ್ಲಿ ಜಪಾನ್ ತನ್ನ ಭಾಗದಲ್ಲೇ ಮುದುಡಿಕೊಂಡು, ಒಂದು ಗೋಲು ಬಿಟ್ಟುಕೊಟ್ಟೂ ಅಲುಗಾಡದೆ ಕೂತಿತ್ತು. ವಿರಾಮದಲ್ಲಿ ದೋಆನ್ ಮತ್ತು ಮಿತೋಮಾ ಒಳಬಂದರು. ಆಮೇಲಿನ ಕೆಲವೇ ನಿಮಿಷಗಳಲ್ಲಿ ಇಡೀ ತಂಡ ಮುಂದೆ ನುಗ್ಗಿ ಸ್ಪೇನಿನ ಗೋಲ್‌ಕೀಪರ್‌ವರೆಗೂ ಒತ್ತಡ ಹೇರಿತು, ಅದುವರೆಗೆ ಆರಾಮವಾಗಿ ಚೆಂಡು ದಾಟಿಸುತ್ತಿದ್ದವರು ತಡವರಿಸಿದರು, 48ನೆಯ ನಿಮಿಷದಲ್ಲಿ ದೋಆನ್ ಅವರ ಹೊಡೆತ ಬಂತು. ಮುದುಡಿಕೊಂಡಿದ್ದ ನಲವತ್ತೈದು ನಿಮಿಷಗಳನ್ನು ನೋಡಿದವರಿಗೆ ಆ ನುಗ್ಗುವಿಕೆಯ ಧೈರ್ಯ ಅರ್ಥವಾಗುತ್ತದೆ. ಅಲ್ ಬೈತ್‌ನಿಂದ ತಟ್ಟನೆ ಇಲ್ಲಿಗೆ ಕರೆತಂದು ಗೋಲಿನ ಮರುದೃಶ್ಯ ತೋರಿಸಿದರೆ ಕಾಣುವುದು ಒಂದು ಒಳ್ಳೆಯ ಹೊಡೆತ ಮಾತ್ರ. ಸ್ಪೇನಿನ ಚೆಂಡು ಸುಮ್ಮನೆ ಎಡಕ್ಕೂ ಬಲಕ್ಕೂ ಹೋಗುತ್ತಿತ್ತು ಎಂದು ಎದುರು ಪಕ್ಷದವರು ಬರೆದಿದ್ದಾರೆ. ಆ ಚೆಂಡಿಗೆ ಜಪಾನಿನ ಹನ್ನೊಂದು ಮಂದಿ ಯಾವ ಯಾವ ಬಾಗಿಲು ಮುಚ್ಚುತ್ತಿದ್ದರು ಎಂಬುದು ಒಂದು ಕಣ್ಣನ್ನು ಮೊಬೈಲ್‌ನಲ್ಲಿಟ್ಟವರಿಗೆ ಕಾಣದಿದ್ದರೆ ಆಶ್ಚರ್ಯವಿಲ್ಲ.

ಬುಂಡೆಸ್‌ಲಿಗಾ ಪ್ರಶಸ್ತಿಗೆ ಷಾಲ್ಕೆ ಮತ್ತು ಬಯರ್ನ್ ಪೈಪೋಟಿ ನಡೆಸಿದ್ದ ಕೊನೆಯ ದಿನ, 2001ರ ಮೇ 19ರ ಷಾಲ್ಕೆ ಕಥೆಯೂ ಹೀಗೆಯೇ. ಗೆಲ್ಸನ್‌ಕಿರ್ಶನ್‌ನಲ್ಲಿ ಷಾಲ್ಕೆ ತಂಡ 0-2ರಿಂದ ಹಿಂದಿದ್ದದ್ದು ಉಂಟರ್‌ಹಾಖಿಂಗ್ ವಿರುದ್ಧ 5-3ರಿಂದ ಗೆದ್ದಿತು. ಹ್ಯಾಂಬರ್ಗ್‌ನಲ್ಲಿ ಬಾರ್ಬರೆಜ್ 90ನೆಯ ನಿಮಿಷದಲ್ಲಿ ಬಯರ್ನ್‌ಗೆ ಗೋಲು ಹೊಡೆದರು. ಹ್ಯಾಂಬರ್ಗ್ ಪಂದ್ಯ ಮುಗಿದೇಹೋಯಿತು ಎಂಬ ತಪ್ಪು ಸುದ್ದಿ ಹಬ್ಬಿ, ಷಾಲ್ಕೆಯ ಅಭಿಮಾನಿಗಳು ಪ್ರಶಸ್ತಿ ತಮ್ಮದೆಂದು ಮೈದಾನಕ್ಕೆ ನುಗ್ಗಿ ಅತ್ತರು, ಅಪ್ಪಿಕೊಂಡರು. ಅಷ್ಟರಲ್ಲಿ ದೊಡ್ಡ ಪರದೆಯಲ್ಲಿ ಬಯರ್ನ್‌ನ ಪ್ಯಾಟ್ರಿಕ್ ಆಂಡರ್ಸನ್ ಅವರ ಫ್ರೀ ಕಿಕ್ ಹ್ಯಾಂಬರ್ಗ್‌ನ ಗೋಲಿಗೆ ಬಿತ್ತು, ಪ್ರಶಸ್ತಿ ಬಯರ್ನ್ ಪಾಲಾಯಿತು. ಎಲ್ಲವನ್ನೂ ಒಂದೇ ಗಡಿಯಾರದಲ್ಲಿ ಕಂಡ ಟೀವಿ ನೋಡುಗರು ಇನ್ನೂ ನಾಲ್ಕು ನಿಮಿಷ ಬಾಕಿಯಿದೆ ಎಂದು ತಿಳಿದೇ ಕೂತಿದ್ದರು. ಆ ನಾಲ್ಕು ನಿಮಿಷಗಳ ಹುಚ್ಚು ಸಂತೋಷ, ಅದರ ಬೆನ್ನಿಗೇ ಬಂದ ಕುಸಿತ, ಎರಡೂ ದಕ್ಕಿದ್ದು ಒಂದು ಮೈದಾನಕ್ಕೆ ಅಂಟಿಕೊಂಡಿದ್ದವರಿಗೆ. ತಪ್ಪು ಸುದ್ದಿಯನ್ನು ನಾನು ಸಮರ್ಥಿಸುತ್ತಿಲ್ಲ. ಎಲ್ಲವನ್ನೂ ಬಲ್ಲ ನೋಡುಗರ ಅನುಭವವೇ ದೊಡ್ಡದು ಎಂಬ ನಂಬಿಕೆಯನ್ನು ಮಾತ್ರ ಒಪ್ಪುತ್ತಿಲ್ಲ.

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರಕ್ಕೆ ನಿರ್ಬಂಧವಿದೆ. ಜನ ತಮ್ಮೂರಿನ ಮೈದಾನಕ್ಕೆ ಹೋಗಲಿ ಎಂಬುದು 1960ರ ದಶಕದಿಂದ ಬಂದ ಕಾರಣ. ಆ ಹೊತ್ತಿನ ಪಂದ್ಯಗಳನ್ನು ಬೆಂಗಳೂರಿನಲ್ಲಿ ಕೂತು ನಾವು ನೋಡಬಹುದು, ಬರ್ಮಿಂಗ್‌ಹ್ಯಾಮ್‌ನವರು ನೋಡುವಂತಿಲ್ಲ! ಅವರಿಗೆ ಸಿಗುವುದು, ಸ್ಟುಡಿಯೋದಲ್ಲಿ ಕೂತ ಮಾಜಿ ಆಟಗಾರರು ತಮ್ಮ ಮುಂದಿನ ಪರದೆಗಳನ್ನು ನೋಡಿ ಕೂಗುವ ಕಾರ್ಯಕ್ರಮ. ಜಿಗಿಯುವ ಪ್ರಸಾರ ಅದರ ಬಣ್ಣದ ರೂಪವೆಂದೇ ನನಗೆ ಅನ್ನಿಸುತ್ತದೆ.

ಪರದೆಗಳ ನಡುವಿನ ಅರ್ಧ ನಿಮಿಷದ ಅಂತರ ನಿಜವಾದ ತೊಂದರೆ, ಒಪ್ಪಿದೆ. ಅದಕ್ಕೆ ಮದ್ದು ಜಿಗಿತವಲ್ಲ. ಅಮೆರಿಕದ ಮೇಜರ್ ಲೀಗ್ ಸಾಕರ್‌ನ ಪಂದ್ಯಗಳನ್ನು ಆ್ಯಪಲ್ 2023ರಿಂದ ಕೊಡುತ್ತಿರುವ ಕ್ರಮದಲ್ಲಿ ನಾಲ್ಕು ಪಂದ್ಯಗಳನ್ನು ಒಂದೇ ಪರದೆಯಲ್ಲಿ ಜೋಡಿಸಿಕೊಳ್ಳಬಹುದು, ಯಾವುದನ್ನು ದೊಡ್ಡದು ಮಾಡಬೇಕೆಂದು ನಾವೇ ತೀರ್ಮಾನಿಸಬಹುದು. ಜಿಗಿಯುವ ಕಾರ್ಯಕ್ರಮವೂ ಅಲ್ಲಿ ಇತ್ತು, ಆದರೆ ಪೂರ್ತಿ ಪಂದ್ಯಗಳ ಜೊತೆಗೆ. ಜರ್ಮನಿಯ ಉದಾಹರಣೆಯನ್ನು ಎದುರು ಪಕ್ಷದವರು ಹೆಮ್ಮೆಯಿಂದ ಕೊಟ್ಟರು; ಶನಿವಾರ ತಮ್ಮ ತಂಡದ ಪಂದ್ಯವೂ ಬೇಕು, ಕಾನ್ಫರೆನ್ಸೂ ಬೇಕು ಎನ್ನುವ ಜರ್ಮನ್ ನೋಡುಗರು ಈಗ ಎರಡು ಕಡೆ ಚಂದಾ ಕಟ್ಟಬೇಕು ಎಂಬುದನ್ನು ಹೇಳಲಿಲ್ಲ.

ಅಂಕಪಟ್ಟಿಯ ವಾದಕ್ಕೆ 2026ರ ವಿಶ್ವಕಪ್‌ನ ಮಾದರಿಯಲ್ಲೇ ಇನ್ನೊಂದು ಏಟು ಇದೆ. 48 ತಂಡ, 12 ಗುಂಪು, ಮೂರನೆಯ ಸ್ಥಾನದ ಎಂಟು ತಂಡಗಳಿಗೂ ಮುಂದಿನ ಸುತ್ತು. ಗುಂಪುಗಳು ಬೇರೆ ಬೇರೆ ದಿನ ಮುಗಿಯುವುದರಿಂದ ಮೂರನೆಯ ಸ್ಥಾನದ ಲೆಕ್ಕ ದಿನಗಟ್ಟಲೆ ತೆರೆದೇ ಇರುತ್ತದೆ. ಒಂದು ರಾತ್ರಿಯ ಜಿಗಿತದಲ್ಲಿ ಹಿಡಿಯಲಾಗದ ಪಟ್ಟಿ ಅದು.

ನಮ್ಮ ನೋಡುಗರಿಗೂ ಇದರ ಅನುಭವ ಒಮ್ಮೆ ಆಗಿದೆ, ಕ್ರಿಕೆಟ್‌ನಲ್ಲಿ. 2021ರ ಅಕ್ಟೋಬರ್ 8ರಂದು ಐಪಿಎಲ್‌ನ ಕೊನೆಯ ಎರಡು ಲೀಗ್ ಪಂದ್ಯಗಳು ಮೊದಲ ಬಾರಿಗೆ ಒಂದೇ ಹೊತ್ತಿಗೆ ನಡೆದವು. ಅಬುಧಾಬಿಯಲ್ಲಿ ಮುಂಬೈ 235 ರನ್ ಕಲೆಹಾಕುತ್ತಿದ್ದಾಗ ರಿಮೋಟ್ ಹಿಡಿದು ಅತ್ತಿತ್ತ ಓಡಿದವರನ್ನು ನಾನು ಬಲ್ಲೆ. ದುಬೈ ಪಂದ್ಯಕ್ಕೆ ಅಂಟಿಕೊಂಡ ಆರ್‌ಸಿಬಿ ಅಭಿಮಾನಿಗಳಿಗೆ ಮಾತ್ರ ಕೆ. ಎಸ್. ಭರತ್ ಕೊನೆಯ ಎಸೆತಕ್ಕೆ ಹೊಡೆದ ಸಿಕ್ಸರ್ ಇಡೀ ರಾತ್ರಿಯ ಕಾಯುವಿಕೆಯ ಜೊತೆಗೆ ಸಿಕ್ಕಿತು.

ಕೊನೆಯದಾಗಿ, ಮೈದಾನದ ನಡುವೆ ವೃತ್ತವಾಗಿ ನಿಂತ ಕೊರಿಯಾದ ಆಟಗಾರರು. ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು. ಅವರು ಮೊದಲು ತಮ್ಮ ಪಂದ್ಯವನ್ನು ಕೊನೆಯವರೆಗೆ ಆಡಿದರು. ಆಮೇಲೆ ಮೊಬೈಲ್ ಹಿಡಿದು ಬೇರೆಲ್ಲಿಗೂ ಜಿಗಿಯದೆ, ಉರುಗ್ವೆಯ ಒಂದೊಂದು ದಾಳಿಯನ್ನೂ ಉಸಿರು ಬಿಗಿಹಿಡಿದು, ಅಲ್ ಜನೂಬ್‌ನ ರೆಫರಿ ಸೀಟಿ ಊದುವವರೆಗೆ ನೋಡಿದರು.