ಹೃದಯದ ಹೆಸರು ಹೇಳಿ ಕುಡಿಯಬೇಡಿ

"ದಿನಾ ಒಂದು ಪೆಗ್ ಹಾರ್ಟ್‌ಗೆ ಒಳ್ಳೇದು ಕಣೋ." ನಮ್ಮಣ್ಣ ಈ ಮಾತನ್ನು ವರ್ಷಾನುಗಟ್ಟಲೆ ಹೇಳಿದ್ದಾನೆ. ನಾನೂ ನಂಬಿದ್ದೆ.

ಕಳೆದ ವರ್ಷ ಒಂದು ರಾತ್ರಿ ಗೆಳೆಯರ ಜೊತೆ ಜಾಸ್ತಿ ಕುಡಿದು ಬಂದು ಮಲಗಿದವನು ಮೂರು ಗಂಟೆಗೆ ಎದ್ದು ಕೂತ. "ಎದೆಯೊಳಗೆ ಏನೋ ಪಟಪಟ ಅಂತಿದೆ, ನೋಡೋ." ಮಣಿಕಟ್ಟು ಹಿಡಿದೆ. ನಾಡಿ ಎರಡು ಸಲ ಬೇಗ ಬೇಗ ಹೊಡೆಯುತ್ತೆ, ತಡೆಯುತ್ತೆ, ಮತ್ತೆ ಓಡುತ್ತೆ. ಎಣಿಸೋಕೇ ಆಗಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕಾಗದದ ಮೇಲೂ ಅಷ್ಟೇ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ತಾಳೆಯೇ ಆಗುತ್ತಿರಲಿಲ್ಲ.

ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವುದು ಬಿಟ್ಟು ಸುಮ್ನೆ ಅದುರುತ್ತವೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ರಜೆಯಲ್ಲಿ, ವಾರದ ಕೊನೆಯಲ್ಲಿ ಚೆನ್ನಾಗಿ ಕುಡಿದವರು ಹೀಗೆ ಬರುವುದನ್ನು ಕಂಡು ವೈದ್ಯರು 1978ರಲ್ಲೇ ಇದಕ್ಕೆ 'ಹಾಲಿಡೇ ಹಾರ್ಟ್' ಅಂತ ಹೆಸರಿಟ್ಟಿದ್ದರಂತೆ.

ಹಾಗಾದರೆ 'ಸ್ವಲ್ಪ ಕುಡಿದರೆ ಒಳ್ಳೇದು' ಅನ್ನೋ ಮಾತು ಬಂದಿದ್ದೆಲ್ಲಿಂದ? 1991ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮ, ಫ್ರಾನ್ಸಿನವರು ಬೆಣ್ಣೆ ಚೀಸ್ ತಿಂದರೂ ಹೃದ್ರೋಗ ಕಡಿಮೆ, ರೆಡ್ ವೈನ್ ಕಾರಣ ಇರಬಹುದು ಅಂದಿತು. ವೈನ್ ಮಾರಾಟ ಏರಿತು, ಮಾತು ಊರೆಲ್ಲ ಹಬ್ಬಿತು. ಸ್ವಲ್ಪ ಕುಡಿಯುವವರಿಗಿಂತ ಕುಡಿಯದವರಿಗೇ ಹೃದಯದ ಕಾಯಿಲೆ ಜಾಸ್ತಿ ಅಂತ ಹಲವು ಅಧ್ಯಯನಗಳೂ ತೋರಿಸಿದವು.

ಆದರೆ ಆ 'ಕುಡಿಯದವರು' ಯಾರು ನೋಡಿ. ಆರೋಗ್ಯ ಕೆಟ್ಟ ಮೇಲೆ ಕುಡಿತ ಬಿಟ್ಟವರೂ ಅದೇ ಗುಂಪಿನಲ್ಲಿದ್ದರು! ಇನ್ನು 2022ರಲ್ಲಿ ಬ್ರಿಟನ್ನಿನ ಸುಮಾರು 3.7 ಲಕ್ಷ ಜನರ ಮಾಹಿತಿ ನೋಡಿದಾಗ, ಮಿತವಾಗಿ ಕುಡಿಯುವವರು ಸಿಗರೇಟು ಸೇದುವುದು ಕಡಿಮೆ, ವ್ಯಾಯಾಮ ಜಾಸ್ತಿ, ತರಕಾರಿ ಜಾಸ್ತಿ ಅಂತ ಗೊತ್ತಾಯಿತು. ಅದನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಕುಡಿತದ 'ಲಾಭ' ಕರಗಿತು. ಒಳ್ಳೆ ಅಭ್ಯಾಸಗಳ ಪುಣ್ಯವನ್ನು ಗ್ಲಾಸು ತನ್ನ ಹೆಸರಿಗೆ ಬರೆಸಿಕೊಂಡಿತ್ತು. ಜಾಸ್ತಿ ಅಥವಾ ಕಡಿಮೆ ಕುಡಿಯುವಂತೆ ಮಾಡುವ, ಹುಟ್ಟಿನಿಂದ ಬಂದ ವಂಶವಾಹಿಗಳ ಮೂಲಕ ನೋಡಿದಾಗಲೂ ಕುಡಿತ ಏರಿದಂತೆ ಅಪಾಯ ಏರುತ್ತಿತ್ತು, ಮೊದಲು ನಿಧಾನವಾಗಿ, ಆಮೇಲೆ ಕಡಿದಾಗಿ.

ಒಳ್ಳೆ ಕೊಲೆಸ್ಟ್ರಾಲ್ ಏರುತ್ತಲ್ವಾ ಅಂತ ಕೇಳುತ್ತಾರೆ. ಸ್ವಲ್ಪ ಏರುತ್ತೆ, ನಿಜ. ಅದನ್ನೇ ಏರಿಸುವ ಔಷಧಿ ಕೊಟ್ಟು ನೋಡಿದಾಗ ಅಂದುಕೊಂಡ ಲಾಭ ಸಿಗಲಿಲ್ಲ. ಕುಡಿತದಿಂದ ಬಿಪಿ ಏರುವುದು ಮಾತ್ರ ಖಚಿತ. ವರ್ಷಗಟ್ಟಲೆ ಜಾಸ್ತಿ ಕುಡಿದರೆ ಹೃದಯದ ಸ್ನಾಯುವೇ ಸಡಿಲಾಗಿ ಹಿಗ್ಗಿ, ರಕ್ತ ತಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿತು: ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಕುಡಿತದ ಪ್ರಮಾಣ ಇಲ್ಲ.

"ಆಗಿದ್ದು ಆಯ್ತು, ಈಗ ಬಿಟ್ಟು ಏನು ಪ್ರಯೋಜನ?" ಅಂದ ಅಣ್ಣ. ಪ್ರಯೋಜನ ಇದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಇದೇ ತೊಂದರೆ ಇದ್ದ, ಕುಡಿತದ ಅಭ್ಯಾಸವೂ ಇದ್ದ 140 ಜನರಲ್ಲಿ ಅರ್ಧ ಜನಕ್ಕೆ ಕುಡಿತ ಬಿಡಿಸಿದರು. ಆರು ತಿಂಗಳಲ್ಲಿ ಮುಂದುವರಿಸಿದವರಲ್ಲಿ 73 ಶೇಕಡಾ ಮಂದಿಗೆ ಬಡಿತ ಮತ್ತೆ ತಪ್ಪಿತು, ಬಿಟ್ಟವರಲ್ಲಿ 53. ಪೂರ್ತಿ ವಾಸಿ ಅಲ್ಲ, ಆದರೆ ಮಾತ್ರೆ ಇಲ್ಲದೆ ಸಿಕ್ಕ ಲಾಭ. ಅಣ್ಣ ಬಿಟ್ಟಿದ್ದಾನೆ.

ಒಂದು ವಿಷಯ ದಯವಿಟ್ಟು ಗಮನಿಸಿ. ದಿನಾ ತುಂಬಾ ಕುಡಿಯುವವರು ಇದನ್ನು ಓದಿ ನಾಳೆಯೇ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ವೈದ್ಯರ ಹತ್ತಿರ ಹೋಗಿ. ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ.