ಉದುರಿದ ಕೊಂಬಿಗೂ ಹೆದರಬೇಕಾ?

ಹೋದ ಮಾರ್ಚ್‌ನ ಒಂದು ಭಾನುವಾರ ಪಕ್ಕದ ಮನೆಯ ಮುದುಕರು ಕರೆದರು, ಕೊಂಬು ಹುಡುಕೋಕೆ ಬರ್ತೀಯಾ ಅಂತ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನ ಹಳ್ಳಿಗಾಡಿನಲ್ಲಿ. ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಅವರ ಮೆಕ್ಕೆಜೋಳದ ಹೊಲದ ಬೇಲಿ ಪಕ್ಕ ನಡೆಯುತ್ತಿದ್ದಾಗ ಒಣಹುಲ್ಲಿನಲ್ಲಿ ಕಂದು ಬಣ್ಣದ್ದೇನೋ ಬಾಗಿಕೊಂಡು ಬಿದ್ದಿತ್ತು. ಮರದ ಕೊಂಬೆ ಅಂತ ದಾಟಿಬಿಡುತ್ತಿದ್ದೆ. ನೋಡಿದರೆ ವೈಟ್‌ಟೇಲ್ ಜಿಂಕೆಯ ಕೊಂಬು, ನಾಲ್ಕು ಕವಲಿನದು. ಎತ್ತಿಕೋ, ನಿನ್ನದೇ ಅಂದರು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಯಾರಾದರೂ ನೋಡ್ತಿದ್ದಾರಾ ಅಂತ ಹಿಂದೆ ಮುಂದೆ ನೋಡಿದೆ. ಮುದುಕರಿಗೆ ನಗುವೋ ನಗು.

ನಾನು ಕೊಪ್ಪದ ಕಡೆಯವನು, ಅಲ್ಲಿ ಬಿದ್ದ ಕೊಂಬು ಇಟ್ಟುಕೊಂಡರೂ ಕೇಸು ಬೀಳುತ್ತದೆ ಅಂತ ಅವರಿಗೆ ಹೇಗೆ ಬಿಡಿಸಿ ಹೇಳಲಿ? ನಮ್ಮನೆ ಜಗಲಿಯಲ್ಲಿ ಒಂದು ಜೊತೆ ಕಡವೆ ಕೊಂಬಿತ್ತು. ಅಜ್ಜಯ್ಯ ಅದಕ್ಕೆ ಛತ್ರಿ, ಹಾಳೆ ಟೋಪಿ ನೇತು ಹಾಕುತ್ತಿದ್ದರು. ಷಿಕಾರಿದಲ್ಲ ಮಾರಾಯ, ಸೊಪ್ಪಿನ ಬೆಟ್ಟದಲ್ಲಿ ಬಿದ್ದಿತ್ತು, ಎತ್ತಿಕೊಂಡು ಬಂದೆ ಅನ್ನುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿದವರ ಮೇಲೆ ಕೇಸು ಬಿದ್ದು ಗಲಾಟೆ ಎದ್ದಿತಲ್ಲ, ಆ ವಾರವೇ ಒಂದು ರಾತ್ರಿ ಅಪ್ಪಯ್ಯ ಅದನ್ನು ಇಳಿಸಿ ಗೋಣಿಚೀಲದಲ್ಲಿ ಸುತ್ತಿ ಹೊರಗೆ ಹೋದರು. ಎಲ್ಲಿಗೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮುಂದಿನ ವರ್ಷದ ಶುರುವಿಗೆ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟು, ಇಟ್ಟುಕೊಂಡಿದ್ದರೆ ತಂದೊಪ್ಪಿಸಿ ಅಂದಿತು. ಗೋಣಿಚೀಲ ಹಿಡಿದುಕೊಂಡು ಆಫೀಸಿನ ಮುಂದೆ ನಿಲ್ಲೋರು ಯಾರು ಹೇಳಿ?

ಇಲ್ಲಿ ಇದು ಕಳ್ಳೆಕಾಯಿ ಆರಿಸಿದಷ್ಟು ಸಲೀಸು. ನವೆಂಬರ್‌ನ ಬೆದೆ ಮುಗಿದು, ಗಂಡಿನ ಮೈಯಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನು ಇಳಿದ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ ಕೊಂಬಿನ ಬುಡ ಸಡಿಲವಾಗಿ ಬಿದ್ದುಹೋಗುತ್ತದೆ. ದನದ ಕೊಂಬಿನ ಹಾಗಲ್ಲ, ಇದು ವರ್ಷಾ ವರ್ಷಾ ಹೊಸದಾಗಿ ಬೆಳೆಯುವ ಮೂಳೆ. ಬೇಲಿ ಹಾರುವಾಗ ಕುಲುಕಿ ಬೀಳುತ್ತದೆ ಅಂತ ಬೇಲಿ ಬುಡದಲ್ಲಿ, ಬಿಸಿಲು ಕಾಯಿಸಲು ಮಲಗುತ್ತವೆ ಅಂತ ದಕ್ಷಿಣದ ಇಳಿಜಾರಿನಲ್ಲಿ ಹುಡುಕುತ್ತಾರೆ. ತಡ ಮಾಡಿದರೆ ಅಳಿಲು, ಇಲಿ ಸುಣ್ಣದಂಶಕ್ಕಾಗಿ ಕೆರೆದು ತಿನ್ನುತ್ತವೆ. ನನಗೆ ಸಿಕ್ಕಿದ್ದರ ಒಂದು ತುದಿಯಲ್ಲಿ ಕೊಬ್ಬರಿ ಗೀರಿದ ಹಾಗೆ ಸಣ್ಣ ಸಣ್ಣ ಹಲ್ಲಿನ ಗುರುತಿತ್ತು. ಬುರುಡೆ ಸಮೇತ ಸಿಕ್ಕರೆ ಮಾತ್ರ ಅರಣ್ಯದ ಅಧಿಕಾರಿಯನ್ನು ಕೇಳಬೇಕಂತೆ.

ಗೋಡೆಗೆ ಕೂರಿಸಿದ್ದೂ ಮುದುಕರ ಶೆಡ್ಡಿನಲ್ಲೇ. ಹಳೇ ಟೂತ್‌ಬ್ರಷ್ಷು, ಸೋಪಿನ ನೀರು, ಅಷ್ಟೇ ಸ್ನಾನ. ಬುಡದಲ್ಲಿ ಡ್ರಿಲ್ ಇಟ್ಟಾಗ ಕೂದಲು ಸುಟ್ಟಂಥ ವಾಸನೆ ಬಂತು, ಪುಡಿ ಮೂಗಿಗೆ ಹೋಗಬಾರದು ಅಂತ ಮಾಸ್ಕ್ ಕೊಟ್ಟರು. ತೂತಿಗೆ ಎಪಾಕ್ಸಿ ಅಂಟು ತುಂಬಿ ಸ್ಕ್ರೂ ಕೂರಿಸಿ, ಹಳೇ ಕೊಟ್ಟಿಗೆಯ ಹಲಗೆಗೆ ಬಿಗಿದೆವು. ಎರಡೂ ಸಿಕ್ಕಿದ್ದರೆ ರೆಸಿನ್‌ನ ನಕಲಿ ಬುರುಡೆಗೆ ಕೂರಿಸಿ ತೊಗಲು ಹೊದಿಸಬಹುದಿತ್ತು. ಆದರೆ ಜೊತೆ ಸಿಗುವುದು ಅಪರೂಪ, ಒಂದು ಇವತ್ತು ಇಲ್ಲಿ ಬಿದ್ದರೆ ಇನ್ನೊಂದು ನಾಳೆ ಇನ್ನೆಲ್ಲೋ. ಅಷ್ಟರಲ್ಲಿ ಅವರ ಮೊಮ್ಮಗಳು ಬಂದಳು, ಆರು ವರ್ಷ ಇರಬಹುದು. ನೋಡಿದವಳೇ ಇದು ಎಡಗಡೇದು ಅಂದಳು. ನನಗೋ, ಕೊಂಬು ತಾನಾಗಿ ಉದುರುತ್ತೆ ಅನ್ನೋದನ್ನೇ ಕಾಲೇಜು ಮುಗಿಯುವವರೆಗೂ ನಂಬೋಕೆ ಆಗಿರಲಿಲ್ಲ. ಕಾಡಿನ ಅಂಚಿನಲ್ಲೇ ಬೆಳೆದವನು ನಾನು!

ಸಿಟ್ಟು ಬರುವುದು ಇದಕ್ಕೇ. ನಮ್ಮ ಮೈಸೂರಿನಲ್ಲೇ ಸತ್ತ ಪ್ರಾಣಿಗಳ ತೊಗಲು ತುಂಬಿ ನಿಲ್ಲಿಸುವ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಇತ್ತು, ಮಹಾರಾಜರುಗಳು ಹೊಡೆದ ಹುಲಿಗಳಿಗೆಲ್ಲ ರೂಪ ಕೊಟ್ಟಿದ್ದು, 1999ಕ್ಕೆ ಮುಚ್ಚಿತು. ಕೊಂದಿದ್ದನ್ನು ಅಷ್ಟು ಚೆಂದ ನಿಲ್ಲಿಸಿದ ಊರಿನವರು ನಾವು, ತಾನೇ ಬಿದ್ದಿದ್ದನ್ನು ಕಂಡರೆ ಬೆವರುತ್ತೇವೆ. ಮಕ್ಕಳು ಮುಟ್ಟಿ ನೋಡಲಿಕ್ಕಾದರೂ ಬಿಡಬಾರದಾ?

ಇಷ್ಟೆಲ್ಲ ಹೇಳಿ ಒಂದನ್ನು ನುಂಗಿಕೊಂಡರೆ ತಪ್ಪಾಗುತ್ತದೆ. ಇಲ್ಲಿ ಜಿಂಕೆ ಹತ್ತು ಲಕ್ಷಕ್ಕೂ ಜಾಸ್ತಿ, ವರ್ಷಕ್ಕೆ ಸುಮಾರು ಮೂರು ಲಕ್ಷ ಹೊಡೆದರೂ ಮುಗಿಯುವುದಿಲ್ಲ. ನಮ್ಮ ಕಡವೆಗೆ ಆ ಭಾಗ್ಯ ಇಲ್ಲ. ಬಿದ್ದ ಕೊಂಬನ್ನು ಇಟ್ಟುಕೊಳ್ಳಬಹುದು ಅಂದರೆ ಬೀಳಿಸಿದ ಕೊಂಬೂ ಬಿದ್ದದ್ದೇ ಆಗಿಬಿಡುತ್ತದೆ. ಶೆಡ್ಡಿನಲ್ಲಿ ಬುಡ ಉಜ್ಜುತ್ತಾ ಕೂತಿದ್ದಾಗ ಇನ್ನೊಂದು ನೆನಪಾಯಿತು. ಉದುರಿದ ಕೊಂಬಿನ ಬುಡ ಬೋಳಾಗಿ, ಸ್ವಲ್ಪ ಉಬ್ಬಿಕೊಂಡಿರುತ್ತದೆ, ಅಷ್ಟೇ. ಅಜ್ಜಯ್ಯನ ಎರಡು ಕೊಂಬಿನ ನಡುವೆ ಅಂಗೈಯಗಲ ಮೂಳೆ ಇತ್ತು. ಅದನ್ನು ಸೇರಿಸಿಯೇ ಗೋಡೆಗೆ ಮೊಳೆ ಹೊಡೆದಿದ್ದರು.

ಇದನ್ನು ಅಪ್ಪಯ್ಯನಿಗೆ ಹೇಳಿಲ್ಲ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ನನ್ನ ಹಿಂದಿನ ಗೋಡೆ ನೋಡಿದ ಅಮ್ಮ ದನಿ ತಗ್ಗಿಸಿ, "ಫೋನ್ ಆ ಕಡೆ ತಿರುಗಿಸೋ, ಆಚೆ ಮನೆಯವರು ಬರ್ತಿದ್ದಾರೆ" ಅಂದರು.